ವರ್ಗಮೂಲದ ಬಟನ್ ಒತ್ತಿದರೆ

ನಮ್ಮ ಗಣಿತ ಶಿಕ್ಷಕರ ವೇದಿಕೆಯಲ್ಲಿ ಸೂತ್ರ ಬರೆಯುವ ಬಟನ್ ಒತ್ತಿದರೆ ಸೂತ್ರ ಬರುತ್ತಿರಲಿಲ್ಲ. ಒಬ್ಬರ ಮೊಬೈಲ್ ನಂಬರು ಬರುತ್ತಿತ್ತು. ಈಗ ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ, ಅವರ ಜತೆ ನಾನೂ ನಗುತ್ತೇನೆ. ಆಮೇಲೆ, ನಿಜವಾಗಿಯೂ ಹೀಗೇ ಇತ್ತೇ ಎಂದು ನನಗೇ ಅನುಮಾನ ಬರುತ್ತದೆ. ಆ ಕಾಲದ ನನ್ನ ದಿನಚರಿಗಳೇನೋ ಇವೆ. ಆದರೆ ನಾನು ದಿನಚರಿ ಬರೆಯುವುದು ಊಟವಾದ ಮೇಲೆ. ಅಷ್ಟು ಹೊತ್ತಿಗೆ ದಿನವನ್ನು ನನಗೆ ಬೇಕಾದ ಹಾಗೆ ಅರ್ಧ ತಿದ್ದಿಕೊಂಡಾಗಿರುತ್ತದೆ. ಹಾಗಾಗಿ ನೆನಪಿಗೂ ಬರಹಕ್ಕೂ ಜಗಳ ಬಿದ್ದಲ್ಲಿ, ಬಿದ್ದಿದೆ ಎಂದು ಹೇಳಿ ಮುಂದೆ ಹೋಗುತ್ತೇನೆ.

ಎರಡು ಸಾವಿರದ ಹನ್ನೊಂದೋ ಹನ್ನೆರಡೋ ಇರಬೇಕು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನಿಪ್ಪಾಣಿಯಲ್ಲಿದ್ದ ನನ್ನ ಗೆಳೆಯನೂ ಗಣಿತದವನೇ. ಅವನಿಗೆ ಕಂಪ್ಯೂಟರಿನ ಹುಚ್ಚು. ಅವನು ಅಂತರ್ಜಾಲದಲ್ಲಿ ಒಂದು ವೇದಿಕೆ ತೆರೆದು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಗಣಿತದ ಮಾಸ್ತರರನ್ನೆಲ್ಲ ಅದಕ್ಕೆ ಸೇರಿಸಿದ. ನಮ್ಮಲ್ಲಿ ಬಹಳ ಶಾಲೆಗಳಲ್ಲಿ ಗಣಿತಕ್ಕೆ ಒಬ್ಬರೇ. ಅನುಮಾನ ಬಂದರೆ ಕೇಳುವುದಕ್ಕೆ ಪಕ್ಕದ ಕುರ್ಚಿಯಲ್ಲಿ ಸಮಾಜ ವಿಜ್ಞಾನದವರು ಇರುತ್ತಾರೆ. ಹಾಗಾಗಿ ಜನ ಬೇಗ ಸೇರಿದರು. ಸೇರಿದ ಮೇಲೆ, ಯಾರಿಗೂ ಲೆಕ್ಕ ಬರೆಯಲು ಬರುವುದಿಲ್ಲ ಎಂದು ಗೊತ್ತಾಯಿತು.

ಕೀಲಿಮಣೆಯಲ್ಲಿ ಭಿನ್ನರಾಶಿ ಇಲ್ಲ, ವರ್ಗಮೂಲ ಇಲ್ಲ, ತಲೆಯ ಮೇಲೆ ಕೂರುವ ಎರಡು ಇಲ್ಲ. ಎಕ್ಸ್ ಪಕ್ಕದಲ್ಲಿ ಎರಡು ಎಂದು ಒಬ್ಬರು ಬರೆದರೆ ಅರ್ಧ ಜನ ಅದನ್ನು ಎಕ್ಸ್ ವರ್ಗ ಎಂದು ಬಿಡಿಸುತ್ತಿದ್ದರು, ಉಳಿದವರು ಎಕ್ಸಿನ ಎರಡು ಪಟ್ಟು ಎಂದು. ಇಬ್ಬರ ಉತ್ತರವೂ ಸರಿ, ಇಬ್ಬರಿಗೂ ಸಿಟ್ಟು. ಇದಕ್ಕೊಂದು ದಾರಿ ಆರಿಸಬೇಕೆಂದು ಒಂದು ಭಾನುವಾರ ಕೆಲವರು ಸೇರಿದೆವು. ನಿಪ್ಪಾಣಿಯಲ್ಲಿ ಎಂದು ನನ್ನ ನೆನಪು. ಚಿಕ್ಕೋಡಿಯಲ್ಲಿ ಎಂದು ದಿನಚರಿ. ಅವತ್ತು ರೊಟ್ಟಿ ಜತೆ ತಿಂದ ಝುಣಕದ ಖಾರ ನಿಪ್ಪಾಣಿಯ ಗೆಳೆಯನ ಮನೆಯದೇ, ಆದ್ದರಿಂದ ಈ ಒಂದು ವಿಷಯದಲ್ಲಿ ನಾಲಿಗೆಯನ್ನು ನಂಬುತ್ತೇನೆ.

ನನ್ನ ಮತ ಲೇಟೆಕ್ ಎಂಬ ತಂತ್ರಾಂಶದ ಕಡೆ ಇತ್ತು. ಸೂತ್ರವನ್ನು ಸಂಕೇತಗಳಲ್ಲಿ ಬರೆದರೆ ಕಂಪ್ಯೂಟರು ಅದನ್ನು ಪುಸ್ತಕದಲ್ಲಿ ಅಚ್ಚಾದಂತೆ ತೋರಿಸುತ್ತದೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತಿದ್ದರಲ್ಲಿ ಕೈಯಲ್ಲಿ ಉಳಿದಿದ್ದು ಅದೊಂದೇ ಎಂಬ ಕಾರಣಕ್ಕೂ ಆ ಪಕ್ಷ ವಹಿಸಿದೆನೇನೋ, ಹೇಳಲಾರೆ. ಗೆಳೆಯ ಎಲ್ಲರೆದುರು ಅರ್ಧವನ್ನು ಬರೆದು ತೋರಿಸಿದ. ಮೊದಲು ಒಂದು ಡಾಲರ್ ಗುರುತು, ಆಮೇಲೆ ಹಿಂದಕ್ಕೆ ವಾಲಿದ ಗೆರೆ, ಒಂದು ಇಂಗ್ಲಿಷ್ ತುಂಡು ಪದ, ಪುಷ್ಪಾವರಣದಲ್ಲಿ ಒಂದು, ಮತ್ತೊಂದು ಪುಷ್ಪಾವರಣದಲ್ಲಿ ಎರಡು, ಕೊನೆಗೆ ಇನ್ನೊಂದು ಡಾಲರ್.

"ಅರ್ಧಾ ಬರಿಯೂದರಾಗs ಒಂದ್ ತಾಸ್ ಹೋತು," ಎಂದರು ಕಾಗವಾಡ ಕಡೆಯ ಒಬ್ಬ ಮಾಸ್ತರು. "ಮುಕ್ಕಾಲ್ ಬರಿಯೂದ ಯಾವಾಗ್ರಿ?"

"ಅದಿರ್ಲಿ, ಡಾಲರ್ ಯಾಕ?" ಎಂದರು ಅಥಣಿಯ ಬಾಯಾರು. ನಮ್ಮ ಕಡೆ ಶಿಕ್ಷಕಿಗೆ ಬಾಯಾರು ಎನ್ನುತ್ತಾರೆ. ಇವರ ನಾಲಿಗೆಗೆ ಇಡೀ ವೇದಿಕೆ ಹೆದರುತ್ತಿತ್ತು. "ನಮ್ಮ ರೂಪಾಯಿಗೂ ಈಗ ಚಿಹ್ನಾ ಬಂದೈತಿ. ಅದನ್ನ ಇಡ್ರಿ. ಪೈಥಾಗೊರಸ್ ಏನ್ ಅಮೇರಿಕಾದಂವ ಏನ್ರಿ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಗೆಳೆಯ ಡಾಲರ್ ತೆಗೆದು ರೂಪಾಯಿ ಇಟ್ಟ. ಹೊಸ ಚಿಹ್ನೆ ಇನ್ನೂ ಯಾರ ಕಂಪ್ಯೂಟರಿಗೂ ಗೊತ್ತಿರಲಿಲ್ಲ. ಎಲ್ಲರ ಪರದೆಯ ಮೇಲೂ ಅದು ಖಾಲಿ ಚೌಕವಾಗಿ ಕಂಡಿತು. ಒಂದೆರಡು ವಾರ ನಮ್ಮ ಬೀಜಗಣಿತವೆಲ್ಲ ಎರಡು ಚೌಕಗಳ ನಡುವೆ ಕೂತಿತ್ತು. ಕ್ಷೇತ್ರಫಲದ ಲೆಕ್ಕ ಎಂದುಕೊಂಡು ಬಿಡಿಸಿದವರೂ ಇದ್ದರು.

ದಾರಿ ತೋರಿಸಿದವರು ಅಲಖನೂರ ಸರ್. ಊರಿನ ಹೆಸರೇ ಅವರ ಹೆಸರಾಗಿತ್ತು. ರಾಯಬಾಗ ಕಡೆಯ ಒಂದು ಶಾಲೆಯಲ್ಲಿ ಹಿರಿಯ ಗಣಿತ ಮಾಸ್ತರು, ಆ ವರ್ಷ ಮೇ ತಿಂಗಳಿಗೆ ನಿವೃತ್ತಿ. ಅವರು ಒಂದು ದಿನ ಲೆಕ್ಕವನ್ನು ತಮ್ಮ ತರಗತಿಯ ಕರಿಹಲಗೆಯ ಮೇಲೆ ಬರೆದು, ಮೊಬೈಲಿನಲ್ಲಿ ಫೋಟೊ ಹೊಡೆದು, ನನಗೆ ಮೇಲ್ ಮಾಡಿದರು. ನಾನು ಅದನ್ನು ವೇದಿಕೆಗೆ ಹಾಕಿದೆ. ಭಿನ್ನರಾಶಿಯ ಅಡ್ಡಗೆರೆ ಅಳತೆಪಟ್ಟಿ ಇಟ್ಟು ಎಳೆದಂತೆ ಇತ್ತು. ವರ್ಗಮೂಲದ ಮಾಡು ಒಳಗಿನ ಪದಗಳನ್ನೆಲ್ಲ ಮಳೆ ಬೀಳದ ಹಾಗೆ ಮುಚ್ಚಿತ್ತು. ನನ್ನ ಲೇಟೆಕ್ ಅದರ ಮುಂದೆ ಸರ್ಕಾರಿ ಸುತ್ತೋಲೆಯಂತೆ ಕಂಡಿತು.

ಮರುದಿನದಿಂದ ಜನ ಅವರಿಗೆ ಫೋನ್ ಮಾಡತೊಡಗಿದರು. "ಸರ, ಒಂದ್ ಲೆಕ್ಕಾ ಬರಕೊಡ್ರಿ." ಕೇಳಿದವರು ಫೋನಿನಲ್ಲಿ ಹೇಳಬೇಕು, ಸರ್ ಹಲಗೆಯ ಮೇಲೆ ಬರೆದು ಫೋಟೊ ಕಳಿಸಬೇಕು. ಸಾಲು ದೊಡ್ಡದಾದ ಮೇಲೆ ಗೆಳೆಯ ಅದನ್ನು ಅಧಿಕೃತ ಮಾಡಿದ. ಬರೆಯುವ ಪೆಟ್ಟಿಗೆಯ ಮೇಲಿನ ಸಾಲಿನಲ್ಲಿ, ದಪ್ಪ ಅಕ್ಷರದ ಬಟನ್ ಪಕ್ಕ, ವರ್ಗಮೂಲದ ಚಿತ್ರವಿರುವ ಬಟನ್ ಇಟ್ಟ. ಅದನ್ನು ಒತ್ತಿದರೆ ಸಣ್ಣ ಕಿಟಕಿ ತೆರೆದು, ಅಲಖನೂರ ಸರ್ ನಂಬರು, ಕೆಳಗೆ 'ಶಾಲೆ ಬಿಟ್ಟ ಮೇಲೆ ಮಾತ್ರ' ಎಂಬ ಸೂಚನೆ. ಬೇರೆ ದೇಶಗಳಲ್ಲಿ ಈ ಕೆಲಸಕ್ಕೆ ಎಂಥೆಂಥ ಯಂತ್ರಗಳನ್ನು ಇಟ್ಟಿದ್ದಾರೋ. ನಾವು ಒಬ್ಬ ಮನುಷ್ಯನನ್ನೇ ಜೋಡಿಸಿಬಿಟ್ಟಿದ್ದೆವು.

ಅವರಿಗೆ ಇದು ಎಷ್ಟು ಬೇಕಾಗಿತ್ತು ಎಂಬುದು ಒಂದು ಸಂಜೆ ಅವರು ಫೋನ್ ಮಾಡಿದಾಗ ತಿಳಿಯಿತು. ಸುತ್ತುಬಳಸು ಇಲ್ಲದ ಮನುಷ್ಯ. "ಮೇ ಮುಗೀತಂದ್ರ ನನ್ನ ಕೈಯಾಗಿನ ಖಡು ಹೋಗ್ತೈತಿ ನೋಡ್ರಿ," ಎಂದರು. ಖಡು ಎಂದರೆ ಸೀಮೆಸುಣ್ಣ. "ಮನ್ಯಾಗ ಕುಂತು ಟಿವಿ ನೋಡೂ ಜಾಯಮಾನ ನಂದಲ್ಲ. ಈ ಬರಿಯೂ ಕೆಲಸ ಒಂದ್ ನನಗs ಇರ್ಲಿ. ನಿಮ್ಮ ದೋಸ್ತ ಮತ್ತೇನರ ಮಿಶನ್ ತಂದು ಹಾಕಿದಾನಂದ್ರ ನನಗ ಹೇಳ್ರಿ, ನಾ ಬಂದು ಅವಂಗ ಹೇಳ್ತೀನಿ."

"ಯಾಕ್ ಹಾಕ್ತಾನ್ರಿ ಸರ. ನಿಮ್ಮಂಗ ಬರಿಯಾಕ ಯಾ ಮಿಶನ್ನಿಗಿ ಬರತೈತಿ?" ಎಂದೆ. ಹಾಗೆ ಹೇಳಿದ್ದು ನಾನೇ ಎಂಬುದು ಮಾತ್ರ ಖಾತ್ರಿ, ಏಕೆಂದರೆ ಅವರು ಆಮೇಲೆ ಅದನ್ನು ಬಹಳ ಸಲ ನನಗೆ ನೆನಪಿಸಿದರು.

ತೊಡಕು ಶುರುವಾಗಿದ್ದು ಅಥಣಿ ಬಾಯಾರ ಅಂಕಣದಿಂದ. 'ತಪ್ಪು ಹುಡುಕಿ' ಎಂದು ಅದರ ಹೆಸರು. ಎ ಮತ್ತು ಬಿ ಕೂಡಿಸಿ ವರ್ಗ ಮಾಡಿದರೆ ಎ ವರ್ಗ, ಬಿ ವರ್ಗ ಎರಡೇ ಬರುತ್ತವೆ ಎಂದು ಒಬ್ಬ ವಿದ್ಯಾರ್ಥಿ ಬರೆದಿದ್ದಾನೆ, ಅವನ ತಪ್ಪೇನು? ಇದು ಪ್ರಶ್ನೆ. ನಡುವಿನ ಎರಡು ಎಬಿ ಬಿಟ್ಟಿದ್ದಾನೆ ಎಂಬುದು ಉತ್ತರ. ಬಾಯಾರು ಫೋನಿನಲ್ಲಿ ಹೇಳಿದರು, ಸರ್ ಬರೆದು ಕಳಿಸಿದರು, ನಾನು ನೋಡದೆ ಹಾಕಿದೆ. ಸರ್ ಕೈ ಎರಡು ಎಬಿಯನ್ನು ಸೇರಿಸಿಯೇ ಬರೆದಿತ್ತು.

ಹೀಗೆ, ಸಂಪೂರ್ಣ ಸರಿಯಾದ ಸೂತ್ರದ ಕೆಳಗೆ 'ಈ ವಿದ್ಯಾರ್ಥಿಯ ತಪ್ಪೇನು?' ಎಂಬ ಪ್ರಶ್ನೆ ನಿಂತಿತು. ಐದೂ ಕಡೆಯ ಗಣಿತ ಶಿಕ್ಷಕರು ಅದರೊಳಗೆ ತಪ್ಪು ಹುಡುಕತೊಡಗಿದರು. 'ದತ್ತ' ಎಂದು ಬರೆದಿಲ್ಲ, ಅದೇ ತಪ್ಪು ಎಂದರು ಒಬ್ಬರು. ಎ, ಬಿ ಏನೆಂದು ಹೇಳಿಲ್ಲ ಎಂದರು ಇನ್ನೊಬ್ಬರು. ಸಮಚಿಹ್ನೆ ಸ್ವಲ್ಪ ಎಡಕ್ಕೆ ವಾಲಿದೆ ಎಂದು ಏಕಸಂಬಿಯ ಶಾಲೆಯಿಂದ ಉತ್ತರ ಬಂತು. ಕಬ್ಬೂರ ಕಡೆಯ ಹೊಸ ಮಾಸ್ತರೊಬ್ಬರು ನನಗೆ ಫೋನ್ ಮಾಡಿ ದನಿ ತಗ್ಗಿಸಿ ಕೇಳಿದರು: "ಸರ, ಆ ಸೂತ್ರ ಈಗ ಬದಲಾಗೇತೇನ್ರಿ? ನಾ ಹುಡುಗರಿಗಿ ಸದ್ಯಾ ಬಾಯಿಪಾಠ ಮಾಡಬ್ಯಾಡ್ರಿ, ತಡೀರಿ ಅಂತ ಹೇಳೀನಿ." ನಾಚಿಕೆಯ ಮಾತೆಂದರೆ, ಅವರಿಗೆ ಉತ್ತರ ಕೊಡುವ ಮೊದಲು ನಾನೂ ಒಮ್ಮೆ ಹಾಳೆಯ ಮೇಲೆ ಗುಣಿಸಿ ನೋಡಿದೆ.

ಬಾಯಾರು ಅಲಖನೂರ ಸರ್‌ಗೆ ಫೋನ್ ಹಚ್ಚಿದರು. ನನ್ನನ್ನೂ ಅದರಲ್ಲಿ ಸೇರಿಸಿಕೊಂಡಿದ್ದರಿಂದ ಈ ಮಾತು ನಾನು ಕೇಳಿದ್ದು.

"ಸರ, ನಾ ಹೇಳಿದ್ದು ಹೇಳಿದಂಗ ಬರೀಬೇಕ್ರಿ."

"ಹಂಗ ಬರದ್ರ ತಪ್ಪಾಕ್ಕಿತ್ತಲ್ರಿ ಬಾಯಾರ."

"ತಪ್ಪs ಬೇಕಾಗಿತ್ರೀ ನನಗ!"

"ನನ್ನ ಬೋರ್ಡಿನ ಮ್ಯಾಲ?" ಎಂದರು ಸರ್.

ಗೆಳೆಯ ಒಂದು ಮಧ್ಯದ ದಾರಿ ಕಂಡುಹಿಡಿದ. ಸರಿಯಿರುವುದೆಲ್ಲ ಸರ್ ಖಡುವಿನಿಂದ. ತಪ್ಪಿರುವುದನ್ನು ಅವನೇ ಲೇಟೆಕ್‌ನಲ್ಲಿ ಬರೆದು ಹಾಕುವುದು. ಡಾಲರ್ ಗುರುತು ಸದ್ದಿಲ್ಲದೆ ವಾಪಸ್ ಬಂತು. ಎಲ್ಲರ ಮಾನವೂ ಉಳಿಯಿತು ಎಂದುಕೊಂಡೆವು. ಸರ್ ಕೂಡ ಒಪ್ಪಿದರು: "ಸುಳ್ಳು ಹೇಳಾಕ ಮಿಶನ್ ಛಲೋ. ಅದಕ್ಕೇನ್ ಕಣ್ಣ ಐತಿ, ಮಾರಿ ಐತಿ?"

ಇದರ ಫಲ ಏನಾದೀತು ಎಂದು ಗಣಿತದವರಾದ ನಾವೆಲ್ಲ ಊಹಿಸಬೇಕಿತ್ತು. ತಿಂಗಳೊಳಗೆ ವೇದಿಕೆಯಲ್ಲಿ ಅಚ್ಚಿನ ಅಕ್ಷರ ಎಂದರೆ ಸುಳ್ಳು, ಸುಣ್ಣದ ಅಕ್ಷರ ಎಂದರೆ ಸತ್ಯ ಎಂದಾಯಿತು. ಬಾಯಾರು 'ಸರಿಯೋ ತಪ್ಪೋ ಹೇಳಿ' ಎಂದು ಹೊಸ ಪ್ರಶ್ನೆಗಳನ್ನು ಶುರುಮಾಡಿದ್ದರು. ಅವು ಬಂದ ಕೂಡಲೇ ಜನ ಓದದೆ ಉತ್ತರ ಕೊಟ್ಟರು. ಬಣ್ಣ ನೋಡಿದರೆ ಸಾಕಲ್ಲ. ಅಷ್ಟರಲ್ಲಿ ಕಾಗವಾಡ ಕಡೆಯ ಆ ಮಾಸ್ತರು, ಸರ್ ಫೋನ್ ಸಿಗಲಿಲ್ಲವೆಂದು, ತಾವೇ ಕಷ್ಟಪಟ್ಟು ಪುಷ್ಪಾವರಣಗಳನ್ನು ಕಲಿತು, ಒಂದು ಪ್ರಮೇಯದ ಅಚ್ಚುಕಟ್ಟಾದ ಸಾಧನೆಯನ್ನು ಲೇಟೆಕ್‌ನಲ್ಲಿ ಹಾಕಿದರು. ಅದರಲ್ಲಿ ಕೂದಲೆಳೆಯ ತಪ್ಪೂ ಇರಲಿಲ್ಲ. ಜನ ಅದರ ಸಾಲುಸಾಲಿನಲ್ಲೂ ತಪ್ಪು ಹುಡುಕಿ ಕೊಟ್ಟರು. ಅವರು ನನಗೆ ಫೋನ್ ಮಾಡಿ ಕೂಗಾಡಿದರು.

"ನನ್ನ ಲೆಕ್ಕಕ್ಕ ಖಡು ಯಾಕ್ ಕೊಡ್ಲಿಲ್ರಿ? ನಾ ಏನ್ ಸುಳ್ಳ ಹೇಳಾವನೇನ್ರಿ? ನಮ್ಮ ಮನಿತನ ಎಂಥಾದ್ದು ಗೊತ್ತೈತೇನ್ ನಿಮಗ?"

ಆಮೇಲೆ ಯಾರೂ ತಮ್ಮ ಲೆಕ್ಕವನ್ನು ಅಚ್ಚಿನಲ್ಲಿ ಹಾಕಲು ಒಪ್ಪಲಿಲ್ಲ. ಬಾಯಾರು ಒಂದೇ ಮಾತು ಹೇಳಿದರು: ಒಂದೋ ಎಲ್ಲವೂ ಸುಣ್ಣದಲ್ಲಿ ಬರಬೇಕು, ಸುಳ್ಳೂ ಸೇರಿ, ಇಲ್ಲ, ಎಲ್ಲವೂ ಅಚ್ಚಿನಲ್ಲಿ. ಅಲಖನೂರ ಸರ್ ತಪ್ಪು ಬರೆಯಲು ಕಲಿತರೆ ಅವರ ಬಟನ್ ಇರುತ್ತದೆ, ಇಲ್ಲವಾದರೆ ತೆಗೆಯಬೇಕು. ನ್ಯಾಯವಾದ ಮಾತು. ನಿವೃತ್ತಿಗೆ ಇನ್ನು ಸ್ವಲ್ಪವೇ ದಿನವಿದ್ದ ಮನುಷ್ಯನಿಗೆ ಅದನ್ನು ಹೇಳುವ ಕೆಲಸ ನನಗೆ ಬಂತು.

ಸರ್ ತಪ್ಪು ಬರೆಯಬಲ್ಲರೇ ಎಂಬ ಪರೀಕ್ಷೆ ನಮ್ಮ ಶಾಲೆಯಲ್ಲಿ, ಭಾನುವಾರ. ಬಂದವರು ಬಾಯಾರು, ಲ್ಯಾಪ್‌ಟಾಪ್ ಹಿಡಿದ ಗೆಳೆಯ, ಸರ್, ನಾನು. ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕಾಗದದ ಚೀಟಿಯಲ್ಲಿ ಸುತ್ತಿದ ತಮ್ಮದೇ ಖಡು ಜೇಬಿನಲ್ಲಿತ್ತು. ನಮ್ಮ ಶಾಲೆಯ ಖಡು ಮುಟ್ಟಿ ನೋಡಿ, "ಇದು ಉದುರ್ತೈತಿ," ಎಂದು ಪಕ್ಕಕ್ಕಿಟ್ಟರು.

ಬಾಯಾರು ಹೇಳಿಸಿದ್ದು ಹಳೆಯ ಆಟ, ಎರಡು ಒಂದಕ್ಕೆ ಸಮ ಎಂದು ತೋರಿಸುವ ಸುಳ್ಳು ಸಾಧನೆ. ಎ ಮತ್ತು ಬಿ ಸಮ ಎಂದು ಶುರುಮಾಡಬೇಕು. ಎರಡೂ ಬದಿ ಎ ಇಂದ ಗುಣಿಸಬೇಕು, ಬಿ ವರ್ಗ ಕಳೆಯಬೇಕು, ಅಪವರ್ತಿಸಬೇಕು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಎರಡೂ ಬದಿಯ ಎ ಮೈನಸ್ ಬಿಯನ್ನು ಹೊಡೆದುಹಾಕಬೇಕು. ಎ, ಬಿ ಸಮವಾದ್ದರಿಂದ ಅದು ಸೊನ್ನೆ, ಮತ್ತು ಸೊನ್ನೆಯಿಂದ ಭಾಗಿಸುವಂತಿಲ್ಲ. ಸುಳ್ಳು ಇರುವುದು ಅಲ್ಲೇ.

ಸರ್ ನಾಲ್ಕು ಸಾಲು ಬರೆದರು. ನಾನು ಅಷ್ಟು ಚಂದದ ನಾಲ್ಕು ಸಾಲನ್ನು ನಮ್ಮ ಹಲಗೆಯ ಮೇಲೆ ಯಾವತ್ತೂ ನೋಡಿರಲಿಲ್ಲ.

"ಈಗ ಎ ಮೈನಸ್ ಬಿ ಕಾಟ್ ಹೊಡೀರಿ ಸರ," ಎಂದರು ಬಾಯಾರು.

ಸರ್ ಖಡುವನ್ನು ಹಲಗೆಗೆ ತಾಗಿಸಿದರು. ಅಲ್ಲೊಂದು ಬಿಳಿ ಚುಕ್ಕೆ ಮೂಡಿತು. ಕೈ ಮುಂದೆ ಹೋಗಲಿಲ್ಲ.

"ಹೊಡೀರಿ, ಯಾರೂ ನೋಡಾಕತ್ತಿಲ್ಲ," ಎಂದ ಗೆಳೆಯ. ಅವನಿಗೆ ನಿಜವಾಗಿ ಸಹಾಯ ಮಾಡಬೇಕೆಂದಿತ್ತು.

"ಇದು ಸೊನ್ನಿ ಐತಿ," ಎಂದರು ಸರ್, ಹಲಗೆಗೆ ಮುಖಮಾಡಿಯೇ.

"ಗೊತ್ತೈತ್ರಿ. ಗೊತ್ತಿದ್ದs ಬರಿಯೂದು. ನಾಟಕದಾಗ ಕಳ್ಳನ ಪಾರ್ಟ್ ಮಾಡಿದಂವ ಆಮ್ಯಾಲ ಊರಾಗ ಕನ್ನಾ ಹಾಕ್ತಾನೇನ್ರಿ?"

"ಆಂವ ಬಣ್ಣಾ ಹಚ್ಚಿರ್ತಾನ್ರಿ ಬಾಯಾರ. ಕಳ್ಳ ಅಂತ ಕುಂತವರಿಗೆಲ್ಲಾ ಗೊತ್ತಿರ್ತೈತಿ. ಇಲ್ಲಿ ನಾ ನಾನs ಅದೀನಿ."

ಸರ್ ಕೈ ಕೆಳಗಿಳಿಸಿ, ಮತ್ತೆ ಎತ್ತಿ, ಮತ್ತೆ ಇಳಿಸಿದರು. ಬೆರಳುಗಳು ನಡುಗುತ್ತಿದ್ದವು ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಅದು ನಾನು ಆಮೇಲೆ ಸೇರಿಸಿದ ಅಲಂಕಾರ ಇರಬಹುದು. ನಾನು ಕೂತಿದ್ದ ಬೆಂಚಿನಿಂದ ಅವರ ಬೆರಳು ಕಾಣುತ್ತಿರಲಿಲ್ಲ. ಕಂಡಿದ್ದು ಬೆನ್ನು ಮಾತ್ರ.

ಗೆಳೆಯ ಅಷ್ಟರಲ್ಲಿ ಇಡೀ ಸಾಧನೆಯನ್ನು ಲ್ಯಾಪ್‌ಟಾಪಿನಲ್ಲಿ ಬರೆದು ಮುಗಿಸಿದ್ದ. ಎರಡು ಒಂದಕ್ಕೆ ಸಮ ಎಂದು ಪರದೆ ಅಚ್ಚುಕಟ್ಟಾಗಿ ತೋರಿಸಿತು. ಸರ್ ಬಂದು ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಓದಿದರು.

"ನಾಚಿಕಿ ಅನ್ನೂದs ಇಲ್ಲ ಇದಕ್ಕ," ಎಂದರು. ಆಮೇಲೆ, "ಛಲೋ ಐತಿ. ಇದನ್ನs ಇಟ್ಕೋರಿ," ಎಂದು ಉಳಿದ ಖಡುವನ್ನು ಚೀಟಿಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಚಹಾ ಕುಡಿದು ಹೋಗಿ ಎಂದರೆ ರಾಯಬಾಗ ಬಸ್ಸಿಗೆ ಹೊತ್ತಾಯಿತು ಎಂದರು. ಆ ಹೊತ್ತಿನಲ್ಲಿ ರಾಯಬಾಗಕ್ಕೆ ಬಸ್ಸಿರಲಿಲ್ಲ, ನಮಗೆಲ್ಲ ಗೊತ್ತಿತ್ತು.

ಗೆಳೆಯ ಬಟನ್ನಿನಿಂದ ನಂಬರು ತೆಗೆದ. ಅದನ್ನು ಒತ್ತಿದರೆ ಈಗ ಎರಡು ಡಾಲರ್ ಬಂದು, ನಡುವೆ ಕರ್ಸರಿನ ಕಡ್ಡಿ ಮಿಟುಕುತ್ತಿತ್ತು. ಇಡೀ ದಿನ ಯಾರಿಗೆ ಬೇಕಾದರೂ ಸಿಗುವ, ತಪ್ಪನ್ನೂ ಸರಿಯನ್ನೂ ಒಂದೇ ಮುಖದಲ್ಲಿ ಬರೆಯುವ ಏರ್ಪಾಟು. ಆದರೆ ಜನ ವೇದಿಕೆಗೆ ಲೆಕ್ಕ ಕಳಿಸುವುದನ್ನೇ ಕಡಿಮೆ ಮಾಡಿದರು. ಕೆಲವರು ವೇದಿಕೆಯಲ್ಲಿ ಬರೀ ಬಡ್ತಿಯ, ವರ್ಗಾವಣೆಯ ಮಾತಾಡಿದರು. ಅದಕ್ಕೆ ಪುಷ್ಪಾವರಣ ಬೇಕಾಗುವುದಿಲ್ಲ. ಮೇ ತಿಂಗಳಲ್ಲಿ ಸರ್ ನಿವೃತ್ತರಾದರು. ಶಾಲು ಹೊದಿಸಿದೆವು. ನಾನು ಭಾಷಣ ಮಾಡಿದೆ ಎಂದು ಗೆಳೆಯ ಹೇಳುತ್ತಾನೆ, ನನಗೆ ಒಂದು ವಾಕ್ಯವೂ ನೆನಪಿಲ್ಲ. ಸರ್ ವೇದಿಕೆಯ ವಿಷಯ ಎತ್ತಲಿಲ್ಲ. ನಾವೂ ಎತ್ತಲಿಲ್ಲ.

ಶಾಲೆ ಮತ್ತೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಅವರಿಂದ ನನಗೆ ಮೇಲ್ ಬಂತು. ಮಾತಿಲ್ಲ, ಒಂದು ಫೋಟೊ. ಮನೆಯ ಪಕ್ಕದ ಗೋಡೆ, ನೆಲದಿಂದ ಸೂರಿನವರೆಗೆ ಕರಿ ಬಣ್ಣ ಬಳಿದಿತ್ತು. ಫೋಟೊದ ಒಂದು ಮೂಲೆಯಲ್ಲಿ ಎಮ್ಮೆಯ ಬಾಲ ಸಿಕ್ಕಿಕೊಂಡಿತ್ತು. ಗೋಡೆಯ ಮೇಲೆ ಬಾಯಾರು ಅವತ್ತು ಹೇಳಿಸಿದ ಸಾಧನೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ. ಎ ಮೈನಸ್ ಬಿಯನ್ನು ಎರಡೂ ಬದಿ ಹೊಡೆದುಹಾಕಿದ್ದರು. ಎರಡು ಒಂದಕ್ಕೆ ಸಮ ಎಂಬ ಸಾಲೂ ಇತ್ತು. ಅದನ್ನು ಮಾತ್ರ ಇರುವೆಯಷ್ಟು ಸಣ್ಣಗೆ ಬರೆದಿದ್ದರು. ಮತ್ತು ಇದೆಲ್ಲದರ ಮೇಲೆ, ಕಿರಾಣಿ ಅಂಗಡಿಯ ಬೋರ್ಡಿನಷ್ಟು ದೊಡ್ಡ ಅಕ್ಷರಗಳಲ್ಲಿ: 'ಎಚ್ಚರಿಕೆ. ಕೆಳಗಿನದು ತಪ್ಪು.'

ಮೇಲಿನ ಭಾಗವನ್ನು ಕತ್ತರಿಸಿ ಹಾಕಬಹುದಿತ್ತು, ಹಾಗೆ ಮಾಡಲು ಕೂತೂ ಇದ್ದೆ. ಕೈ ಬರಲಿಲ್ಲ. ಇದ್ದಂತೆಯೇ ಹಾಕಿದೆ. ಅವತ್ತು ಸಂಜೆಯೊಳಗೆ, ತಿಂಗಳುಗಟ್ಟಲೆ ಬಾಯಿ ಬಿಡದಿದ್ದವರೆಲ್ಲ ಬಂದು ಬರೆದರು. ಸುಮಾರು ಜನ ಗೋಡೆಯನ್ನೇ ಹೊಗಳಿದರು. ಕಾಗವಾಡದವರು ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದರು. ನಾನು ಬಾಯಾರನ್ನೂ ಸೇರಿಸಿಕೊಂಡು ಸರ್‌ಗೆ ಫೋನ್ ಮಾಡಿದೆ.

"ಸರ, ತಪ್ಪು ಅಂತ ಮ್ಯಾಲ ನೀವs ಬರದ್ಬಿಟ್ರ ಇನ್ ಜನ ಏನ್ ಹುಡಕ್ಬೇಕ್ರಿ?" ಎಂದೆ.

"ತಪ್ಪು ಅಂತ ಬರದೀನಿ. ಎಲ್ಲಿ ಅಂತ ಬರದಿಲ್ಲಲ್ಲ?"

ಬಾಯಾರು ನಗತೊಡಗಿದರು, ನಿಲ್ಲಿಸುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

"ಆತ್ರಿ ಸರ. ಸರೀನೋ ತಪ್ಪೋ ಅಂತ ಕೇಳೂದು ನಾನs ಬಿಡ್ತೀನಿ. ಇನ್ಮ್ಯಾಲ ಎಲ್ಲಿ ಅಂತ ಅಷ್ಟs ಕೇಳ್ತೀನಿ. ನಿಮ್ಮ ಬೋರ್ಡ್ ನಿಮಗ ಇರ್ಲಿ." ಆಮೇಲೆ ನನಗೆ: "ಆ ನಿಪ್ಪಾಣಿಯವಂಗ ಹೇಳ್ರಿ, ಡಾಲರ್ ತಗದು ಸರ್ ನಂಬರ್ ಹಾಕಂತ."

"ಸರ, ಸುಳ್ಳು ಹಂಗs ಗೋಡಿ ಮ್ಯಾಲ ಐತೇನ್ರಿ?" ಎಂದು ಕೇಳಿದೆ.

"ಏ, ಫೋಟೊ ಹೊಡದ ಕೂಡ್ಲೇ ನೀರ್ ಹಾಕಿ ತಿಕ್ಕೀನಿ. ಹಾದಿ ಮ್ಯಾಲಿನ ಗೋಡಿ, ಹುಡುಗ್ರು ಅಡ್ಡಾಡ್ತಾವ," ಎಂದರು. ಹಿಂದೆ ಬಕೆಟ್ಟೊಂದು ನೆಲಕ್ಕಿಟ್ಟ ಸದ್ದಾಯಿತು. "ಗೋಡಿ ಈಗ ಒಣಗೇತಿ. ಹ್ಞೂಂ, ಮುಂದಿಂದು ಹೇಳ್ರಿ ಬಾಯಾರ."